ಹೊಂಡದ ದಂಡಿ ಮ್ಯಾಲಿನ ಜಳಕ

ಅಲ್ಲಲೇ ಶಿವ್ಯಾ, ಹೊಂಡದಾಗ ವಿಷ ಕೂಡಿತ್ತು ಅಂತ ಯಾರಲೇ ಹೇಳಿದ್ರು ನಿನಗ? ನಿಮ್ಮಕ್ಕನ? ಏ ಗಂಗೂ, ಬಾ ಇಲ್ಲೆ, ಕುಂದರು ಕಟ್ಟಿ ಮ್ಯಾಲ. ಅರ್ಧಾ ಕೇಳಿದ್ದ ಮಾತು ಪೂರಾ ಮಾಡಿ ಹೇಳ್ತಿ ನೀ, ಥೇಟ ನಿಮ್ಮ ಆಯಿ, ನನ್ನ ಹೇಣ್ತಿ ಗತೆ. ವಿಷ ಕೂಡಿರಲಿಲ್ಲ. ಕೂಡೇತಿ ಅಂತ ಎಲ್ಲಾರೂ ಅಂದ್ರು, ಅದ ಬ್ಯಾರೆ, ಕೂಡೂದು ಬ್ಯಾರೆ. ಇಲ್ಲ ಇಲ್ಲ, ತಡಿ, ವಿಷ ಇರಲೇ ಇಲ್ಲ ಅಂತನೂ ನಾ ಹೇಳಂಗಿಲ್ಲ, ವಿಷ ಇತ್ತು, ಖರೇನ ಇತ್ತು, ಆದ್ರ ನಮ್ಮ ಹೊಂಡದಾಗಲ್ಲ, ಅಲ್ಲೆ ದೂರ, ನಿಮ್ಮಪ್ಪ, ನನ್ನ ಮಗಾ ಮಲ್ಲು ಕೆಲಸ ಮಾಡ್ತಿದ್ನಲ್ಲ, ಆ ಸಮುದ್ರದ ದಂಡಿಗೆ. ಆ ಒಣದ್ರಾಕ್ಷಿ ಮಣೂಕ ತಿನ್ನು ನೀ, ಕೆಳಗ ಇಡಬ್ಯಾಡ. ಬಾಜೂ ತ್ವಾಟದ ಸಿದಗೊಂಡ ದೊಡ್ಡಪ್ಪ ಎಷ್ಟ ಪ್ರೀತಿಲೆ ತಂದ ಕೊಟ್ಟಾನ, ಅದನ್ನ ಇಟ್ಕೊಂಡು ವಿಷ ಪಿಷ ಅಂದ್ರ ಅಂವಾ ಕೇಳಿಸ್ಕೊಂಡಾನು. ಕಡ್ಡಿ ತಗದ ತಿನ್ನಲೇ.

ನೋಡ್ರಿ, ನಾ ಬರಗಾಲ ನೋಡೇನಿ. ಜ್ವಾಳಕ್ಕ ಸೊಸೈಟಿ ಮುಂದ ಬಿಸಲಾಗ ಚೀಲಾ ಹಿಡದ ನಿಂತೇನಿ, ಹಾವು ಕಡಸ್ಕೊಂಡೇನಿ, ಎರಡ ಸಲ ಬೋರ್ ಬತ್ತಿ ದ್ರಾಕ್ಷಿ ಬಳ್ಳಿ ಕಣ್ಣ ಮುಂದ ಒಣಗಿದ್ದ ನೋಡೇನಿ. ಅವೆಲ್ಲಾ ಕಣ್ಣಿಗೆ ಕಾಣಸ್ತಾವ, ಗೊತ್ತೇನು? ಹಸಿವಿ ಆದ್ರ ಹೊಟ್ಟಿ ಹೇಳತೈತಿ. ಹಾವು ಬಂದ್ರ ಬಡಿಗಿ ತಗೊಳ್ಳಾಕ ಬರತೈತಿ. ಆದ್ರ ಆ ವರ್ಷ ಬಂದ ಅಂಜಿಕಿ ಹೆಂಗಿತ್ತಂದ್ರ, ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ, ಎಲ್ಲಿ ಐತಿ ಅಂತ ಯಾರಿಗೂ ತಿಳಿಯಂಗಿಲ್ಲ. ಎದರಾಗ ನಿಂತ ಮನಷ್ಯಾನ ಮುಖ ನೋಡಿ, ಇವನ ಮೈಮ್ಯಾಲ ಐತೋ ಏನೋ ಅನ್ನೂದು. ನಿನ್ನ ಹೆತ್ತ ಮಗನ ಮುಖ ನೋಡಿ ಹಂಗ ಅನ್ನೂದು. ಅದಕ್ಕಿಂತ ಕೆಟ್ಟ ದಿನಾ ನಾ ನೋಡಿಲ್ಲವಾ.

ಆವಾಗ ಗಂಗೂ, ನೀ ನಿಮ್ಮವ್ವನ ಹೊಟ್ಯಾಗಿದ್ದಿ. ಮಲ್ಲು ಬ್ಯಾರೆ ರಾಜ್ಯದಾಗ ಆ ಅಣು ಕರೆಂಟ್ ಮಾಡೂ ಸ್ಥಾವರದಾಗ ಪೈಪ್ ವೆಲ್ಡಿಂಗ ಮಾಡ್ತಿದ್ದ, ಗುತ್ತಿಗಿದಾರನ ಕೈಕೆಳಗ. ಊರಿನ ಹೆಸರ ನನ್ನ ನಾಲಿಗಿಗೆ ಹೊಳ್ಳೂದಿಲ್ಲ, ಬಿಡ್ರಿ. ಹಬ್ಬಕ್ಕೊಮ್ಮೆ ಬರ್ತಿದ್ದ. ಶಿವರಾತ್ರಿ ಮುಗದಿತ್ತು, ಇಲ್ಲೆ ಟಿಕೋಟಾ ಸುತ್ತ ಎಲ್ಲಾರ ತ್ವಾಟದಾಗೂ ದ್ರಾಕ್ಷಿ ಕೊಯ್ಯೂದ ನಡದಿತ್ತು, ಶೆಡ್ಡಿನಾಗ ಜಾಳಗಿ ಮ್ಯಾಲ ಹಾಸಿ ಒಣಗಿಸಿ ಮಣೂಕ ಮಾಡೂದು ನಡದಿತ್ತು. ಒಂದಿನ ಮುಂಜಾನೆ ಚಾ ಕುಡ್ಕೋತ ಕುಂತೇವಿ, ಟಿವಿಯಾಗ ಕೆಂಪ ಅಕ್ಷರ ಓಡಾಕತ್ತಾವ. ಅಣುಸ್ಥಾವರದಾಗ ಅವಘಡ. ನಿಮ್ಮವ್ವ ರೇಣುಕಾ ಓದಿದ್ಳು, ಓದಿ ಕೈಯಾಗಿನ ಬಶಿ ಕೆಳಗಿಟ್ಟು ಗ್ವಾಡಿ ಹಿಡದ ನಿಂತ್ಳು. ಫೋನ್ ಹಚ್ಚಿದ್ರ ಹತ್ತವಲ್ದು. ಟಿವಿಯಾವ್ರು ಏನಂತಾರ? "ಏನೂ ಆಗಿಲ್ಲ, ಜನಾ ಅಂಜಬಾರದು." ಸಂಜಿಕೆ ಏನಂತಾರ? "ಸ್ವಲ್ಪ ಸೋರೇತಿ, ಆದ್ರ ಒಳಗ ಐತಿ." ಮರುದಿನ ಏನಂತಾರ? "ಸುತ್ತಲಿನ ಹಳ್ಳ್ಯಾನ ಜನಾ ಮನಿ ಬಿಡ್ರಿ." ನೋಡ್ರಿ ಮತ್ತ! ಮೊದಲ ದಿನಾನ ಖರೆ ಹೇಳಿದ್ರ ಏನಾಗ್ತಿತ್ತು ಅವರಿಗೆ? ಆ ಒಂದ ಸುಳ್ಳಿನಿಂದ ಮುಂದ ಅವ್ರು ಹೇಳಿದ ಖರೇನೂ ಯಾರೂ ನಂಬಲಿಲ್ಲ. ಅದ ನಮ್ಮ ಕುತ್ತಿಗಿಗೆ ಬಂತು, ಹೇಳತೇನಿ ತಡೀರಿ.

ಸಮುದ್ರ ಎಲ್ಲೆ, ನಾವ ಎಲ್ಲೆ? ಆದ್ರೂ ಗಾಳಿ ಬಂದೈತಿ ಅಂದ್ರು, ಮಳಿ ಬಂದ್ರ ಮಳಿಯಾಗ ಬರತೈತಿ ಅಂದ್ರು. ಮೋಬೈಲಿನಾಗ ಒಬ್ಬಾಂವ, ಯಾರಂವ ಗೊತ್ತಿಲ್ಲ, ಕೊಳ್ಳಾಗ ಸ್ಟೆತಸ್ಕೋಪ್ ಹಾಕ್ಕೊಂಡಿದ್ದ ಡಾಕ್ಟರ್ ಗತೆ, ಉಪ್ಪು ತಿಂದ್ರ ಇದು ಹತ್ತೂದಿಲ್ಲ ಅಂದ. ತೀರಿತು! ವಿಜಯಪುರದಾಗ ಗೋಳಗುಮ್ಮಟದ ಸುತ್ತಿನ ಅಂಗಡ್ಯಾಗ ಉಪ್ಪಿನ ಪಾಕೀಟ ಸಿಗಲಾರದಂಗ ಆತು. ನಮ್ಮ ಓಣಿಯಾಂವ ಒಬ್ಬ ಮುಟಗಿ ಉಪ್ಪ ನೀರಾಗ ಕದಡಿ ಕುಡದಾ, ಕುಡದ ವಾಂತಿ ಮಾಡ್ಕೊಂಡಾ, ಮಂದಿ ಏನಂದ್ರು? "ನೋಡ್ರಿ, ಬಂತ ನೋಡ್ರಿ, ಇವಗ ಹತ್ತೇತಿ!" ನಗತೀ? ನಗು ನಗು. ಆವಾಗ ಯಾರೂ ನಗಲಿಲ್ಲ. ಭೂತನಾಳ ಕೆರಿ ನೀರ ಕುಡಿಬ್ಯಾಡ್ರಿ ಅಂತ ಸುದ್ದಿ ಎದ್ದು, ಸಿಟಿಯಾಗ ಬಾಟ್ಲಿ ನೀರಿಗೆ ಹೊಡದಾಡಿದ್ರು. ಹಾಲ ಚೆಲ್ಲಿದ್ರು. ಕೊತ್ತಂಬರಿ ತೊಗೊಳ್ಳಾಕ ಅಂಜಿದ್ರು. ಹೊಲಕ್ಕ ಹುಳದ ಎಣ್ಣಿ ಹೊಡದ ಕೈಲೆ ರೊಟ್ಟಿ ತಿನ್ನೂ ಮಂದಿ, ಕೊತ್ತಂಬರಿಗೆ ಅಂಜಿದ್ರವಾ!

ಹಂಗ ಎಲ್ಲಾರ ಜೀವಾ ಅಂಗೈಯಾಗ ಹಿಡಕೊಂಡ ಹೊತ್ತಿನಾಗ ನಿಮ್ಮಪ್ಪ ಬಂದಾ. ಹೇಳದ ಕೇಳದ, ನಡು ಮಧ್ಯಾಹ್ನ. ಡಾಂಬರ ರಸ್ತಾದಾಗ ಬಸ್ ಇಳದು ತ್ವಾಟದ ದಾರಿ ಹಿಡದ ಬರಾಕತ್ತಾನ, ಹೆಗಲಿಗೆ ಒಂದ ಚೀಲಾ, ಗಡ್ಡಾ ಬಂದಾವ, ಮೈ ಇಳದೈತಿ. ನಾ ಗುರತಾ ಹಿಡದು ಎದ್ದ ನಿಂತ್ನಿ. ನನ್ನ ಎದಿ ತುಂಬಿ ಬಂತು, ಖರೆ ಹೇಳತೇನಿ, ಓಡಿ ಹೋಗಿ ತೆಕ್ಕಿ ಬೀಳಬೇಕು ಅನಸ್ತು. ಅಷ್ಟರಾಗ ನಿಮ್ಮ ಆಯಿ ಒಳಗಿಂದ ಬಂದ್ಳು, ಕೈಯಾಗ ರೊಟ್ಟಿ ಹಿಟ್ಟ ಹಂಗ ಐತಿ, ಕೈ ಎತ್ತಿ, "ಅಲ್ಲೇ ನಿಂದರ ಮಲ್ಲೂ!" ಅಂತ ಒದರಿದ್ಳು.

ಏನಂದಿ? ಒದರಿಲ್ಲ? ಕೇಳ್ರಿ, ಒಳಗಿಂದ ಅನ್ನಾಕತ್ತಾಳ, ಒದರಿಲ್ಲಂತ. ಆತವಾ, ಒದರಲಿಲ್ಲ, ಮೆಲ್ಲಕ ಅಂದಿ, ಹೊಂಡದ ಆಚೆ ದ್ರಾಕ್ಷಿ ಕೊಯ್ಯಾವ್ರಿಗೆ ಕೇಳೂವಷ್ಟ ಮೆಲ್ಲಕ ಅಂದಿ.

ಅಕಿದ ಏನ್ ತಪ್ಪಿಲ್ಲ. ನಮ್ಮಲ್ಲೆ ಪದ್ಧತಿ ಐತೆಲ್ಲ, ಸತ್ತ ಮನಿಗೆ ಹೋಗಿ ಬಂದ್ರ ಹೊಸ್ತಲ ದಾಟೂದಿಲ್ಲ, ಹೊರಗ ಜಳಕಾ ಮಾಡಿ, ಉಟ್ಟ ಅರಬಿ ಹೊರಗ ಹಿಂಡಿ, ಆಮ್ಯಾಲ ಒಳಗ ಬರೂದು. ಅಕಿ ತಲ್ಯಾಗ ಅದ ಬಂತು. ಮನ್ಯಾಗ ಬಸುರಿ ಸೊಸಿ ಅದಾಳ. ಮಗಾ ಎಂಥಾ ಜಾಗಾದಿಂದ ಬಂದಾನ. ಮೈಮ್ಯಾಲ ಏನ ಇದ್ರೂ ನೀರಾಗ ಹೋಗಲಿ ಅಂತ ಅಕಿ ಲೆಕ್ಕ. ಬಚ್ಚಲಾ ಮನಿ ಒಳಗ ಐತಿ, ಹೊರಗಿನ ನಳ ಬಂದಿಲ್ಲ. ಅದಕ್ಕ, "ಹೊಂಡದ ದಂಡಿಗೆ ಹೋಗು, ಅಲ್ಲೆ ಜಳಕಾ ಮಾಡು, ಅರಬಿ ಅಲ್ಲೇ ಬಿಡು, ನಿಮ್ಮಪ್ಪನ ಧೋತ್ರ ಕೊಡತೇನಿ" ಅಂದ್ಳು. ಅವನ ಮುಖಾ ಸಣ್ಣ ಆತು. "ಯವ್ವಾ, ಅಲ್ಲೆ ಹೊರಗ ಬರೂ ಮುಂದ ನಮ್ಮನ್ನ ತೊಳದ, ಯಂತ್ರ ಹಿಡದ ನೋಡೇ ಬಿಟ್ಟಾರ, ಅರಬೀನೂ ಹೊಸಾವ" ಅಂದ. "ಇರಲಿ, ಮತ್ತೊಮ್ಮೆ ಮಾಡು" ಅಂದ್ಳು. ಹೋದ. ಆ ಕೃಷಿ ಹೊಂಡ ನೋಡೀರಲ್ಲ, ಪ್ಲಾಸ್ಟಿಕ್ ಹಾಸಿದ್ದು, ಅದರ ದಂಡಿ ಮ್ಯಾಲಿನ ಹಾಸಗಲ್ಲಿನ ಮ್ಯಾಲ ನಿಂತು ಕೊಡಾ ಮುಳಗಿಸಿ ಮುಳಗಿಸಿ ಮೈಮ್ಯಾಲ ಸುರಕೊಂಡಾ. ಮೈಮ್ಯಾಲಿಂದ ಇಳದ ನೀರೆಲ್ಲಾ ಆ ಪ್ಲಾಸ್ಟಿಕ್ ಮ್ಯಾಲ ಜಾರಿ ತಿರುಗಿ ಹೊಂಡಕ್ಕ ಹೋತು. ನಮ್ಮ ಯಾರ ತಲ್ಯಾಗೂ ಅದು ಬರಲಿಲ್ಲ ನೋಡ್ರಿ.

ಬರಬೇಕಾಗಿತ್ತು. ಯಾಕಂದ್ರ ಆ ಹೊಂಡ ನಮ್ಮದೊಂದ ಅಲ್ಲ, ನಮ್ಮದೂ ಸಿದಗೊಂಡಂದೂ ಕೂಡಿ ತೋಡಿಸಿದ್ದು. ಅದರ ನೀರಾಗನ ಅಂವಾ ಮಣೂಕಕ್ಕ ದ್ರಾಕ್ಷಿ ಅದ್ದಾಂವ. ನೀರ, ಎಣ್ಣಿ, ಮತ್ತ ಆ ಬಿಳಿ ಪುಡಿ ಕೂಡಿಸಿ ಡ್ರಮ್ಮಿನಾಗ ಕಲಸಿ, ಗೊನಿ ಅದ್ದಿ ತಗದು ಜಾಳಗಿ ಮ್ಯಾಲ ಹಾಸೂದು, ಗೊತ್ತಲ್ಲ. ಆವತ್ತ ಅವನ ಆಳುಗಳು ಹೊಂಡದ ಆಚೆ ದಂಡಿಗೆ ಅದ್ದಾಕತ್ತಿದ್ರು. ಎಲ್ಲಾರೂ ಕೈಯಾಗಿನ ಕ್ರೇಟ್ ಹಿಡದ ಹಂಗ ನಿಂತಬಿಟ್ರು.

ಸಿದಗೊಂಡ ಬಂದಾ. ಓಡಿ ಬರಲಿಲ್ಲ, ನಡಕೋತ ಬಂದಾ, ಅದಕ್ಕ ನನಗ ಹೆಚ್ಚ ಅಂಜಿಕಿ ಆತು. ಸಿಟ್ಟ ಬಂದ್ರ ಅಂವಾ ಒದರಾಂವ, ಆವತ್ತ ದನಿ ತಗ್ಗಿತ್ತು. ಬಂದಾಂವ ನಮ್ಮ ಅಂಗಳದಾಗ ದೂರ ನಿಂತು, "ಕಾಕಿ, ನಿಮ್ಮ ಮನಿಗೆ ಬರಬಾರದ್ದು ನಮ್ಮ ನೀರಿಗೆ ಬರಬಹುದೇನು?" ಅಂದ.

ನಾ ಅಂದ್ನಿ, "ಸಿದಗೊಂಡ, ಅಂವಾ ತೊಳಕೊಂಡೇ ಬಂದಾನಂತಪಾ, ಮೈಮ್ಯಾಲ ಏನೂ ಇಲ್ಲಂತ." "ಇಲ್ಲಂದ್ರ ಹೊರಗ ಯಾಕ ಜಳಕಾ ಮಾಡಸಿದ್ರಿ ಕಾಕಾ? ಹೆತ್ತ ತಾಯಿನ ಒಳಗ ಕರೀಲಿಲ್ಲ. ನಾ ಯಾಕ ನಂಬಲಿ?" ಅಂದ. ಖರೆ ಮಾತು. ಅಕಿ ಅಂಜಿದ್ದನ್ನ ಎಲ್ಲಾರೂ ಕಣ್ಣಾರೆ ಕಂಡಿದ್ರು. ಮನ್ಯಾಗ ಕರದು ರೊಟ್ಟಿ ಹಾಕಿದ್ರ ಅರ್ಧಾ ಮಂದಿ ಸುಮ್ಮನಾಗ್ತಿತ್ತು. ಆ ಒಂದ ಜಳಕದ್ಲೆ ನನ್ನ ಮಗನ ಹಣಿಮ್ಯಾಲ ಬರದ ಕೊಟ್ಟಂಗಾತು, ಇವನ ಮೈಯಾಗ ಐತಿ ಅಂತ.

ಸಂಜಿ ಆಗೂದ್ರಾಗ ಅಂಗಳ ತುಂಬಿತು. ಒಬ್ಬಾಂವ ಅಂತಾನ, "ಇವನ್ನ ದವಾಖಾನಿಗೆ ಹಾಕ್ರಿ." ಇನ್ನೊಬ್ಬಾಂವ ಅಂತಾನ, "ದವಾಖಾನಿಗೆ ಹಾಕಿದ್ರ ಅಲ್ಲಿನವ್ರಿಗೆ ಹತ್ತೀತು, ಬಂದ ಊರಿಗೇ ಹಚ್ಚಿ ಕಳಸ್ರಿ." ಒಬ್ಬಾಕಿ ಮುದಕಿ, "ಉಸರಾ ಬಿಟ್ರ ಹತ್ತತೈತೇನ?" ಅಂತ ಮೂಗಿಗೆ ಸೆರಗ ಹಿಡ್ಕೊಂಡ್ಳು. ನನಗ ನೆತ್ತಿಗೇರಿತು. "ಲೇ, ನಿಮ್ಮ ಬೋರಿನ ಪೈಪ್ ಒಡದಾಗ ಹಬ್ಬಾ ಬಿಟ್ಟು ಬಂದ ಬೆಸಿಗಿ ಹಾಕಿ ಕೊಟ್ಟಾಂವ ಇವನ, ಗುರತಾ ಐತಿಲ್ಲೋ?" ಅಂತ ಅಂದ್ನಿ. ಕಡೀಕ ಹಿರಿಯಾರು ಕೂಡಿ ಒಂದ ಮಾತ ಹಾಕಿದ್ರು. ಸರ್ಕಾರದಾವ್ರ ಕಡೆ ಅಳೆಯೂ ಯಂತ್ರ ಐತಂತ, ಅದು ಬಂದು ನೋಡೂತನಾ ಮಲ್ಲು ಮನ್ಯಾಗ ಕಾಲಿಡಬಾರದು, ನೀರ ಮುಟ್ಟಬಾರದು. ಯಂತ್ರ ಒದರಿದ್ರ ಅಂವಾ ಊರ ಬಿಡಬೇಕು. ಒದರಲಿಲ್ಲಂದ್ರ ಅವನ ಮನಿ, ಅವನ ಇಷ್ಟ. ಹೊಂಡದ ಮೋಟರ್ ಬಂದ್. ಸಿದಗೊಂಡನ ಶೆಡ್ಡಿನಾಗಿನ ಮಣೂಕ ಯಾರೂ ಮುಟ್ಟೂದಿಲ್ಲ.

ಮಲ್ಲು ಪಂಪ್‌ಸೆಟ್ಟಿನ ಖೋಲಿಯಾಗ ಉಳದ. ನೋಡೀರಲ್ಲ, ಅದರಾಗ ಒಬ್ಬಾಂವ ಕಾಲ ಚಾಚಿ ಮಲಗಾಕ ಆಗೂದಿಲ್ಲ. ಆಯಿ ರೊಟ್ಟಿ ಪಲ್ಯಾ ಒಯ್ದು ಕಲ್ಲಿನ ಮ್ಯಾಲ ಇಟ್ಟು ಹಿಂದ ಸರದ ನಿಂದರಾಕಿ. ಅಂವಾ ಅಕಿ ಸರಿಯೂತನಾ ಹೊರಗ ಬರ್ತಿರಲಿಲ್ಲ. ತಾಯಿ ಅಂಜಬಾರದು ಅಂತ. ರೇಣುಕಾ ಹಿತ್ತಲಾಗ ನಿಂತು ಆ ಖೋಲಿ ಕಡೆ ನೋಡೂದ ನೋಡೂದು. ಮಾತಾಡಬೇಕಂದ್ರ ಫೋನಿನಾಗ ಮಾತಾಡಾವ್ರು, ಇಬ್ಬರೂ ಒಬ್ಬರಿಗೊಬ್ಬರು ಕಾಣಸ್ತಾರ, ನಡುವ ಒಂದ ಬದು, ಆದ್ರೂ ಫೋನಿನಾಗ.

ನಾ ದೂರ ನಿಂತು ಕೇಳಿದ್ನಿ, "ಮಲ್ಲೂ, ನನಗೊಬ್ಬಂಗ ಖರೆ ಹೇಳು, ಏನಾತ ಅಲ್ಲೆ?" ಅಂವಾ ಅಂದ, "ಯಪ್ಪಾ, ನಾವು ಹೊರಗಿನ ಕೆಲಸದಾವ್ರು, ಒಳಗ ಇರಲಿಲ್ಲ. ಸೈರನ್ ಆತು, ಓಡ್ರಿ ಅಂದ್ರು, ಓಡಿದ್ವಿ. ಅಂಗಿಗೆ ಒಂದ ಬಿಲ್ಲೆ ಹಚ್ಚಿರ್ತಾರ, ಮೈಗೆ ಎಷ್ಟ ಬಡದೈತಿ ಅಂತ ಅದರಾಗ ತಿಳೀತೈತಿ. ಅದನ್ನ ಬಿಚ್ಚಿ ಇಸಕೊಂಡ್ರು. ಕಡಿಮಿ ಐತಿ, ಹೋಗು ಅಂದ್ರು. ಎಷ್ಟ ಅಂತ ಹೇಳಲಿಲ್ಲ." ಮತ್ತ ಅಂದ, "ದಾರ್‍ಯಾಗ ಮೀನುಗಾರ ಮಂದಿ ನೋಡಿದ್ನಿ, ಹಿಡದ ಮೀನ ಹಂಗ ದಂಡಿ ಮ್ಯಾಲ ಸುರುವಿ ಅಳಾಕತ್ತಿದ್ರು. ಯಾರೂ ಕೊಳ್ಳಾವ್ರಿಲ್ಲ. ಮಕ್ಕಳನ್ನ ಎತ್ತಿಕೊಂಡು ಲಾರಿ ಹತ್ತಾಕತ್ತಿದ್ರು. ಅವರಿಗೆ ಹೋಗಾಕ ಜಾಗಾ ಇರಲಿಲ್ಲ, ನನಗ ನಮ್ಮ ಮನಿ ಐತಿ ಅಂತ ಬಂದ್ನಿ." ನಾ ತಿರುಗಿ ಬಂದ್ನಿ. ಮನಿ ಐತಿ ಅಂತ ಬಂದಾಂವ ಪಂಪಿನ ಖೋಲ್ಯಾಗ ಕುಂತಾನ.

ಅಷ್ಟರಾಗ ಸಾರವಾಡದಿಂದ ನಿಮ್ಮ ಸೋದರಮಾವ ಬಂದ, ರೇಣುಕಾನ ಅಣ್ಣ, ಜೀಪು ತಗೊಂಡು. ಒಳ್ಳೆ ಮನಷ್ಯಾನ ಅಂವಾ, ಆದ್ರ ಆವತ್ತ ಮುಖಾ ಕಲ್ಲ ಮಾಡ್ಕೊಂಡ ಬಂದಿದ್ದ. "ಮಾವಾರ, ತಪ್ಪ ತಿಳಕೋಬ್ಯಾಡ್ರಿ, ತಂಗಿನ ಕರಕೊಂಡ ಹೋಗತೇನ್ರಿ. ಹೊಟ್ಯಾಗಿನ ಕೂಸಿಗೆ ಏನರ ಆದ್ರ ಯಾರ ಜವಾಬ್ದಾರ್‍ರಿ?" ಜವಾಬ್ದಾರಿ ನಂದು ಅನ್ನಾಕ ನನಗೇನ ಗೊತ್ತಿತ್ತು? ನಿಮ್ಮವ್ವ ಬಾಗಲಾಗ ಬಂದು ನಿಂತು, "ಅಣ್ಣಾ, ಚಾ ಕುಡದ ಹೋಗು. ಯಂತ್ರ ಬರೂತನಾ ನಾ ಇಲ್ಲೇ ಇರ್ತೇನಿ. ಯಂತ್ರ ಒದರಿದ್ರ ನಾನ ಫೋನ್ ಮಾಡತೇನಿ, ಆವಾಗ ಬಾ" ಅಂದ್ಳು. ಚಾ ಕುಡೀಲಿಲ್ಲ ಅಂವಾ. ನೀರೂ ಕುಡೀಲಿಲ್ಲ. ನಮ್ಮ ಮನಿ ನೀರು, ಹೊಂಡದ್ದಲ್ಲ, ಆದ್ರೂ ಕುಡೀಲಿಲ್ಲ.

ಇನ್ನ ಯಂತ್ರ. ದಿನಾ ವಿಜಯಪುರಕ್ಕ ಹೋಗಿ ಆಫೀಸಿನ ಮುಂದ ಕುಂದ್ರಾಂವ ನಾ. ಇವತ್ತ ಬಬಲೇಶ್ವರದ ಕಡೆ ಹೋಗೇತಿ, ನಾಳೆ ಕೆರಿ ನೀರ ನೋಡಾಕ ಹೋಗತೈತಿ, ನಾಡದು ಬರ್ರಿ ಅನ್ನಾವ್ರು. ಇಡೀ ಜಿಲ್ಲಾದಾಗ ಎಲ್ಲಾರಿಗೂ ಅದ ಬೇಕಾಗಿತ್ತು, ಪಾಪ, ಅವ್ರಾದ್ರೂ ಏನ್ ಮಾಡಾರು? ಕಡೀಕ ಒಂದ ಮಧ್ಯಾಹ್ನ ಜೀಪು ಬಂತು. ಇಳದಾಕಿ ಒಬ್ಬ ಹೆಣ್ಣಮಗಳು, ಸಣ್ಣ ವಯಸ್ಸು, ಬೆಂಗಳೂರ ಕಡೆ ಮಾತು. ಕೈಯಾಗ ಟಿಫಿನ್ ಡಬ್ಬಿಯಷ್ಟ ಒಂದ ಯಂತ್ರ. ಗುಂಡಿ ಒತ್ತಿದ್ಳು. ಟಿಕ್ ಅಂತು. ಅಷ್ಟ, ಕೂಡಿದ ಮಂದಿ ಒಂದ ಮಾರ ಹಿಂದ ಸರೀತು! "ಹೆದರಬೇಡಿ, ಇದು ಎಲ್ಲಾ ಕಡೆ ಸ್ವಲ್ಪ ಟಿಕ್ ಅನ್ನತ್ತೆ. ಮಣ್ಣಲ್ಲಿ ಇರತ್ತೆ, ಕಲ್ಲಲ್ಲಿ ಇರತ್ತೆ. ಒಂದೇ ಸಮ ಜೋರಾಗಿ ಹೊಡ್ಕೊಂಡ್ರೆ ಮಾತ್ರ ನೋಡಬೇಕು" ಅಂದ್ಳು. ಯಾರ ಕೇಳತಾರ?

ಮೊದಲ ಹೊಂಡ. ನೀರ ಹತ್ರ ಹಿಡದ್ಳು, ಹಾಸಗಲ್ಲಿಗೆ ಹಿಡದ್ಳು. ಟಿಕ್… ಟಿಕ್… ಮೆಲ್ಲಕ. ನೀರ ಬಾಟ್ಲಿಯಾಗ ತುಂಬಕೊಂಡ್ಳು, ದೊಡ್ಡ ಲ್ಯಾಬಿಗೆ ಕಳಸ್ತೇನಿ ಅಂತ. ಆಮ್ಯಾಲ ಮಲ್ಲೂನ ಕರದ್ಳು. ಅಂವಾ ಖೋಲಿಯಿಂದ ಹೊರಗ ಬಂದು ಎರಡೂ ಕೈ ಅಗಲ ಮಾಡಿ ನಿಂತ, ಪೊಲೀಸರ ಮುಂದ ನಿಂತಂಗ. ರೇಣುಕಾ ನಿಮ್ಮ ಆಯಿ ಕೈ ಹಿಡದಿದ್ಳು, ಉಗುರ ಚುಚ್ಚಿದ್ವು. ತಲಿ, ಎದಿ, ಅಂಗೈ, ಅಂಗಾಲು. ಟಿಕ್… ಟಿಕ್… ಹೊಂಡದಷ್ಟ, ಕಲ್ಲಿನಷ್ಟ, ಅದಕ್ಕಿಂತ ಒಂದೀಟೂ ಹೆಚ್ಚಿಲ್ಲ. "ಮೈಮೇಲೆ ಏನೂ ಇಲ್ಲ. ಮನೆಗೆ ಹೋಗಪ್ಪ" ಅಂದ್ಳು. ಆದ್ರ ಮಂದಿ ಕದಲಲಿಲ್ಲ. ಯಾರೋ ಅಂದ, "ಇವ್ರ ಅಲ್ಲೂ ಮೊದಲ ಏನೂ ಇಲ್ಲಂತನ ಹೇಳಿದ್ರಲ್ಲ!" ನೋಡ್ರಿ, ನಾ ಅಂದ್ನಲ್ಲ ಆ ಸುಳ್ಳು, ಅದು ಇಲ್ಲೀತನಾ ನಡಕೋತ ಬಂದಿತ್ತು. "ಯಂತ್ರ ಕೆಟ್ಟೈತಿ. ಮಣೂಕದ ಶೆಡ್ಡಿಗೆ ಒಯ್ರಿ, ಅಲ್ಲೆ ನೋಡೋಣು" ಅಂದ್ರು. ಸಿದಗೊಂಡನ ಮುಂದಾಗಿ ಕರಕೊಂಡ ಹೋದ. ಅವನ ಇಡೀ ವರ್ಷದ ದುಡತ ಅದರಾಗ ಇತ್ತು, ಅವನ ಅಂಜಿಕಿ ಸುಳ್ಳಲ್ಲ.

ಜಾಳಗಿ ಮ್ಯಾಲ ಹಿಡದ್ಳು, ಮಣೂಕಕ್ಕ ಹಿಡದ್ಳು. ಟಿಕ್… ಟಿಕ್… ಮೆಲ್ಲಕನ. ಸಿದಗೊಂಡ ಉಸರಾ ಬಿಟ್ಟ. ಅಕಿ ಹಂಗ ನಡಕೋತ ಮೂಲಿಗೆ ಹೋದ್ಳು. ಅಲ್ಲೆ ಗ್ವಾಡಿಗೆ ಒಟ್ಟಿದ ಚೀಲಾ ಇದ್ವು. ಅವುಗಳ ಹತ್ರ ಹೋಗೂದ ತಡ, ಟಿಕ್‌ಟಿಕ್ ಟಿಕ್‌ಟಿಕ್‌ಟಿಕ್ ಅಂತ ಬಡಕೊಳ್ಳಾಕ ಶುರು ಮಾಡ್ತು! ಯಪ್ಪಾ! ಹೆಣಮಕ್ಕಳು ಚಿಟ್ಟನ ಚೀರಿದ್ರು, ಶೆಡ್ಡಿನಾಗ ಇದ್ದವ್ರೆಲ್ಲಾ ಒಬ್ಬರ ಮ್ಯಾಲ ಒಬ್ಬರು ಬಿದ್ದ ಹೊರಗ ಓಡಿದ್ರು. ಅಕಿ ಒಬ್ಬಾಕಿ ಅಲ್ಲೆ ನಿಂತು, ಚೀಲದ ಮ್ಯಾಲಿನ ಅಕ್ಷರಾ ಓದಿ, ಹೊರಗ ನಿಂತ ಸಿದಗೊಂಡನ ಕಡೆ ತಿರುಗಿ ನಕ್ಕ್ಳು. "ಈ ಪುಡಿ ಎಷ್ಟು ವರ್ಷದಿಂದ ಹಾಕ್ತಿದೀರಿ?" ಅಂದ್ಳು.

ಯಾವ ಪುಡಿ? ಅದ, ದ್ರಾಕ್ಷಿ ಅದ್ದೂ ನೀರಿಗೆ ಹಾಕೂ ಬಿಳಿ ಪುಡಿ! ಮೊದಲಿಂದ ಹಾಕಾಕತ್ತೇವಿ. ಟಿಕೋಟಾದಾಗ ಮಣೂಕ ಮಾಡಾವ್ರೆಲ್ಲಾ ಹಾಕತಾರ. ಅಕಿ ಹೇಳಿದ್ಳು, ಅದರಾಗ ಪೊಟ್ಯಾಶ್ ಇರತೈತಂತ, ಪೊಟ್ಯಾಶ್ ಅಂದ್ರ ಹುಟ್ಟಾ ಹಂಗ ಟಿಕ್ ಅನ್ನತೈತಂತ. ಹೊಲಕ್ಕ ಹಾಕೂ ಪೊಟ್ಯಾಶ್ ಗೊಬ್ಬರದಾಗೂ ಐತಂತ, ಬಾಳಿಹಣ್ಣಾಗ ಐತಂತ, ನಮ್ಮೆಲ್ಲಾರ ಮೈಯಾಗೂ ಚೂರಚೂರ ಐತಂತ. "ಸಮುದ್ರದ ಕಡೆಯ ಘಟನೆಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಇದು ಏನೂ ಮಾಡಲ್ಲ" ಅಂದ್ಳು. ಭಾಳ ಚಂದ ತಿಳಿಸಿ ಹೇಳಿದ್ಳು ಪಾಪ, ತಿರುಗಾಮುರುಗಾ ಹೇಳಿದ್ಳು. ಆದ್ರ ಮಂದಿ ಕಿವಿಯಾಗ ಆ ಟಿಕ್‌ಟಿಕ್ ಕುಂತಿತ್ತು. ಎಲ್ಲಾರೂ ಸಿದಗೊಂಡನ ಕೈ ನೋಡಾಕತ್ತಿದ್ರು. ಅವನ ಕೈಗೆ, ಮುಂಗೈಗೆ, ಅಂಗಿಗೆ ಆ ಪುಡಿ ಬೆಳ್ಳಗ ಹತ್ತಿತ್ತು. ಅವನ ಆಳುಗಳು ತಮ್ಮ ಕೈ ಸೀರಿಗೆ ಒರಸ್ಕೊಳ್ಳಾಕತ್ತಿದ್ರು. ನಿನ್ನಿತನಾ ನನ್ನ ಮಗನ್ನ ಯಾವ ಕಣ್ಣಿಲೆ ನೋಡಿದ್ರೋ ಅದ ಕಣ್ಣು.

ಸಿದಗೊಂಡ ತನ್ನ ಹೇಣ್ತಿ ಕಡೆ ಹೆಜ್ಜಿ ಇಟ್ಟ. ಅಕಿ ಸಣ್ಣ ಮಗಳನ್ನ ಎತ್ತಿಕೊಂಡು ನಿಂತಿದ್ಳು. "ಅಲ್ಲೇ ನಿಂದರ್ರಿ!" ಅಂದ್ಳು ಅಕಿ. ಬಾಯಿಲೆ ಬಂದಬಿಡ್ತು, ಬೇಕಂತ ಅಂದಿದ್ದಲ್ಲ. ಅಂವಾ ಅಲ್ಲೇ ನಿಂತ. ಅಷ್ಟ ದೊಡ್ಡ ಆಳು, ಎರಡೂ ಕೈ ಮೈಯಿಂದ ದೂರ ಹಿಡಕೊಂಡು, ಎಲ್ಲಿ ಇಡಬೇಕು ತಿಳೀದ, ನೆಲಾ ನೋಡ್ಕೋತ ನಿಂತಬಿಟ್ಟ. ನನಗ ಸಂತೋಷ ಆಗಬೇಕಾಗಿತ್ತಲ್ಲ? ಸಿಟ್ಟಿತ್ತು ನನಗ ಅವನ ಮ್ಯಾಲ, ಭಾಳ ಸಿಟ್ಟಿತ್ತು. ಆಗಲಿಲ್ಲವಾ. ಅಯ್ಯೋ ಅನಸ್ತು.

ಆವಾಗ ನಿಮ್ಮಪ್ಪ ಬಂದಾ. ಮನಿಗೆ ಹೋಗು ಅಂದ್ರೂ ಮನಿಗೆ ಹೋಗಿರಲಿಲ್ಲ, ಹಿಂದ ನಿಂತು ಎಲ್ಲಾ ನೋಡಾಕತ್ತಿದ್ದ. ಮಂದಿ ದಾರಿ ಬಿಟ್ರು, ಇನ್ನೂ ಅಂಜಿಕಿ ಅವರಿಗೆ ಇವಂದು. ಸೀದಾ ಹೋಗಿ ಸಿದಗೊಂಡನ ಆ ಬಿಳಿ ಹತ್ತಿದ ಕೈ ಹಿಡದ. "ಅಣ್ಣಾ, ಬಾ, ಮನಿಗೆ ಹೋಗೋಣು. ನಾನೂ ಇನ್ನೂ ಚಾ ಕುಡದಿಲ್ಲ" ಅಂದ. ಸಿದಗೊಂಡ ಕೈ ಬಿಡಿಸ್ಕೊಳ್ಳಾಕ ನೋಡಿದ. ಇಂವಾ ಬಿಡಲಿಲ್ಲ. ಹಂಗ ಕೈ ಹಿಡದು, ಹೊಂಡದ ದಂಡಿ ಹಾಯ್ದು, ಎಲ್ಲಾರ ಕಣ್ಣ ಮುಂದ ನಮ್ಮ ಅಂಗಳಕ್ಕ ಕರಕೊಂಡ ಬಂದ.

ಹೊಸ್ತಲದ ಹತ್ರ ಬಂದ ಕೂಡಲೆ ಸಿದಗೊಂಡ ನಿಂತ. ಒಳಗ ನಿಮ್ಮ ಆಯಿ ನಿಂತಾಳ. ಅಂವಾ ತಲಿ ಎತ್ತಲಾರದ ಕೇಳಿದ, "ಕಾಕಿ, ನಾನೂ ಜಳಕಾ ಮಾಡಿ ಬರಲೇನು?"

ನಿಮ್ಮ ಆಯಿ ಅತ್ಳು. ಅಕಿ ಗಟ್ಟಿಗಿತ್ತಿ, ನಮ್ಮವ್ವ ಸತ್ತಾಗ ಸೈತ ಹಂಗ ಅತ್ತಿರಲಿಲ್ಲ, ದನಿ ತಗದ ಅತ್ಳು. ಅಳಕೋತನ ಒಳಗ ಹೋಗಿ ಚರಗಿ ತುಂಬ ನೀರ ತಂದ್ಳು, ಬೆಲ್ಲಾ ತಂದ್ಳು. ಹೊಸ್ತಲ ದಾಟಿ ಹೊರಗ ಬಂದ್ಳು. ಸಿದಗೊಂಡನ ಕೈಯಾಗ ಕೊಟ್ಟ್ಳು, ಮ್ಯಾಲಿಂದ ಸುರುವಿಲ್ಲ, ಕೈಯಾಗ ಕೊಟ್ಟ್ಳು. ಅಂವಾ ಕುಡದ ಚರಗಿಲೇನ ಮಗಗೂ ಕೊಟ್ಟ್ಳು. "ಬರ್‍ರೋ ಒಳಗ, ಇಬ್ಬರೂ ಬರ್ರಿ, ಹಂಗ ಬರ್ರಿ" ಅಂದ್ಳು. ಸಿದಗೊಂಡನ ಹೇಣ್ತಿ ಹಿಂದಿಂದ ಓಡಿ ಬಂದು, ಮಗಳನ್ನ ಅವನ ಕೈಯಾಗ ಹಾಕಿ, ಅಕಿನೂ ಅತ್ಳು. ಮಂದಿ ಒಬ್ಬೊಬ್ಬರ ಮುಖಾ ತಪ್ಪಿಸಿ ಮನಿ ಹಿಡದ್ರು. ಚಾ ಮಾಡಿದಾಕಿ ನಿಮ್ಮವ್ವ, ಸಕ್ರಿ ಹಾಕೂದ ಮರತಿದ್ಳು, ಹಂಗ ಕುಡದ್ವಿ.

ಹೊಂಡದ ನೀರಿನ ಸುದ್ದಿ ಆಮ್ಯಾಲ ಬಂತು, ಏನೂ ಇರಲಿಲ್ಲ. ಮಣೂಕ ತಡಾ ಆದ್ರೂ ಮಾರಾಟ ಆದ್ವು. ನೀ ಹುಟ್ಟಿದಿ, ಕೂಗಿ ಕೂಗಿ ಓಣಿ ಎಬ್ಬಿಸಿದಿ, ಸಾರವಾಡದ ಮಾವ ಬಂದು ನಮ್ಮ ಮನ್ಯಾಗ ಉಂಡ, ನೀರೂ ಕುಡದ. ಆದ್ರ ಎಲ್ಲಾ ಮುಗೀತು ಅಂತ ತಿಳೀಬ್ಯಾಡ್ರಿ. ಆ ಬಿಲ್ಲೆದಾಗ ಎಷ್ಟಿತ್ತು ಅಂತ ಇವತ್ತಿಗೂ ನಿಮ್ಮಪ್ಪಗ ಯಾರೂ ಹೇಳಿಲ್ಲ. ವರ್ಷಾ ರಕ್ತಾ ತಪಾಸಾ ಮಾಡಿಸ್ಕೊಂಡ ಬರತಾನ, ಅಂವಾ ಬರೂತನಾ ನಿಮ್ಮ ಆಯಿ ಒಲಿ ಹಚ್ಚೂದಿಲ್ಲ. ಸಮುದ್ರದ ಕಡೆ ಸುದ್ದಿ ಬಂದ್ರ ಅಂವಾ ಟಿವಿ ಬಂದ್ ಮಾಡಿ ತ್ವಾಟಕ್ಕ ಹೋಗತಾನ. ಆ ಮೀನುಗಾರ ಮಂದಿ ಎಲ್ಲಿ ಹೋದ್ರೋ, ಅವರಿಗೆ ಯಾರರ ಬಾಗಲಾ ತಗದ್ರೋ ಇಲ್ಲೋ. ಅಂಜೂದ ತಪ್ಪಲ್ಲ, ಲೇ ಶಿವ್ಯಾ. ಅಂಥಾದ್ದಕ್ಕ ಅಂಜಬೇಕು, ಕೇಳಬೇಕು, ಖರೆ ಹೇಳ್ರಿ ಅಂತ ಆಫೀಸಿನ ಮುಂದ ಕುಂದರಬೇಕು. ಆದ್ರ ಅಂಜಿಕೊಂಡು ಬಂದಾಂವ ಬಾಗಲಾಗ ನಿಂತಾಗ ಮೊದಲ ನೀರ ಕೊಡಬೇಕು, ಎಲ್ಲಿಂದ ಬಂದಿ ಅಂತ ಆಮ್ಯಾಲ ಕೇಳಬೇಕು. ಇಷ್ಟ ನೋಡ್ರಿ ನನಗ ತಿಳದಿದ್ದು. ಏ ಗಂಗೂ, ಯಾರೋ ಗೇಟ ಬಡ್ಯಾಕತ್ತಾರ, ಏಳು, ಚರಗಿ ತಗೊಂಡ ಹೋಗು.